ಮನೆಯ ನೆನಪುಗಳಿಗೊಂದು ಉಗ್ರಾಣ

ನಮಗೆ ಪರಿಚಿತರಾದ ವೃದ್ಧ ಗೃಹಸ್ಥರೊಬ್ಬರು ಬೆಂಗಳೂರಿನ ಬಸವನಗುಡಿಯಲ್ಲಿದ್ದಾರೆ. ಬ್ಯಾಂಕಿನ ಉದ್ಯೋಗದಿಂದ ನಿವೃತ್ತರಾದವರು. ಅವರ ಪತ್ನಿ ದೇವರನಾಮಗಳನ್ನು ಬಹು ಇಂಪಾಗಿ ಹಾಡುತ್ತಿದ್ದರು. ಆಕೆ ತೀರಿಕೊಂಡ ಮೇಲೆ, 2011ರಲ್ಲಿ, ಈ ಗೃಹಸ್ಥರು ಹಳೆಯ ಕ್ಯಾಸೆಟ್ಟುಗಳಲ್ಲಿದ್ದ ಆ ಹಾಡುಗಳನ್ನೆಲ್ಲ ತಿಂಗಳುಗಟ್ಟಲೆ ಕುಳಿತು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರು. ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟುಗಳನ್ನು, ಇನ್ನು ಇವು ಏತಕ್ಕೆಂದು ಎಸೆದುಬಿಟ್ಟರು. 2022ರ ಒಂದು ಬೆಳಿಗ್ಗೆ ಕಂಪ್ಯೂಟರಿನ ಹೊಟ್ಟೆಯೊಳಗಿನಿಂದ ಟಕ್, ಟಕ್ ಎಂಬ ಸದ್ದು ಕೇಳಿಬಂತು. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್ ಅಲ್ಲಿಗೆ ನಿಂತುಹೋಯಿತು. ದುರಸ್ತಿಯವರು ಸಾಕಷ್ಟು ಹಣ ತೆಗೆದುಕೊಂಡು ಕೆಲವು ಫೋಟೋಗಳನ್ನು ಉಳಿಸಿಕೊಟ್ಟರು, ಹಾಡುಗಳು ಸಿಕ್ಕಲಿಲ್ಲ. ಮೈಸೂರಿನಲ್ಲಿರುವ ಮಗಳು ಹಿಂದೊಮ್ಮೆ ತೌರಿಗೆ ಬಂದಾಗ ಸಿ.ಡಿ.ಗೆ ಹಾಕಿಸಿಕೊಂಡು ಹೋಗಿದ್ದ ಆರು ಹಾಡುಗಳು ಮಾತ್ರ ಉಳಿದವು.

ಈಚೆಗೆ ಅವರು ಹೊಸ ಡಿಸ್ಕನ್ನು ಕೊಳ್ಳುವ ಸಲುವಾಗಿ ನಮ್ಮನ್ನು ಕರೆಸಿಕೊಂಡರು. “ನೋಡಿ ಸ್ವಾಮಿ, ಈ ಸಲ ದೊಡ್ಡದನ್ನೇ ತಂದುಬಿಡೋಣ. 16 ಟೆರಾಬೈಟಿನದು. ಇನ್ನು ಈ ಜನ್ಮದಲ್ಲಿ ಆ ಚಿಂತೆ ಬೇಡ” ಎಂದರು.

ಚಿಂತೆ ಹೋಗುವುದು ಡಿಸ್ಕಿನ ಗಾತ್ರದಿಂದಲೇ? ಇಂದು ಅನೇಕ ಮನೆಗಳಲ್ಲಿ ಮದುವೆಯ ಚಿತ್ರಗಳು, ಮಕ್ಕಳ ತೊದಲುನುಡಿ, ಆಸ್ತಿಪತ್ರಗಳ ನಕಲು ಎಲ್ಲವೂ ಒಂದು ಲೋಹದ ಪೆಟ್ಟಿಗೆಯೊಳಗೆ ಸೇರಿಕೊಂಡಿರುವಾಗ, ಈ ಪ್ರಶ್ನೆಯನ್ನು ಕೊಂಚ ಸಾವಧಾನವಾಗಿ ವಿಚಾರಿಸುವುದು ಒಳ್ಳೆಯದು.

ಪೆಟ್ಟಿಗೆಯ ಒಳಗೇನಿದೆ?

1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ಮೊಟ್ಟಮೊದಲ ಹಾರ್ಡ್ ಡಿಸ್ಕನ್ನು ಜನರ ಮುಂದಿಟ್ಟಿತು. ಎರಡು ಅಡಿ ವ್ಯಾಸದ 50 ತಟ್ಟೆಗಳು ಅದರೊಳಗೆ ಒಂದರ ಮೇಲೊಂದರಂತೆ ತಿರುಗುತ್ತಿದ್ದವು. ಯಂತ್ರದ ತೂಕ ಒಂದು ಟನ್ನಿಗೂ ಹೆಚ್ಚು. ಅಷ್ಟೆಲ್ಲ ಸಂಭ್ರಮದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದೇ ಒಂದು ಚಿತ್ರಕ್ಕೆ ಅದು ಸರಿಹೋದೀತು. 2007ರಲ್ಲಿ ಅಂಗೈಯಗಲದ ಡಿಸ್ಕು ಒಂದು ಟೆರಾಬೈಟನ್ನು ಮುಟ್ಟಿತು. 2013ರಲ್ಲಿ ಗಾಳಿಗೆ ಬದಲಾಗಿ ಹೀಲಿಯಂ ಅನಿಲವನ್ನು ತುಂಬಿ ಬಿಗಿಯಾಗಿ ಮುಚ್ಚಿದ ಡಿಸ್ಕುಗಳು ಬಂದವು. ಹೀಲಿಯಂ ಹಗುರವಾದುದರಿಂದ ತಟ್ಟೆಗಳು ತಿರುಗುವಾಗ ತಡೆ ಕಡಿಮೆ. ಆದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ತಟ್ಟೆಗಳನ್ನು ಕೂಡಿಸಲು ಸಾಧ್ಯವಾಯಿತು. ಇಂದಿನ ಬಹುದೊಡ್ಡ ಡಿಸ್ಕುಗಳೆಲ್ಲ ಈ ಬಗೆಯವು.

ಗಾತ್ರ ಎಷ್ಟೇ ಬೆಳೆದಿರಲಿ, ಮೂಲತತ್ತ್ವ ಬದಲಾಗಿಲ್ಲ. ಕಾಂತಲೇಪನವಿರುವ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ, ಬರೆಯುವ ಮುಳ್ಳು ಅದರ ಮೇಲೆ, ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪದ ಮುಂದೆ ಈ ಅಂತರ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಇಲ್ಲವೆಂದರೆ ಇದರ ಸೂಕ್ಷ್ಮತೆ ಮನವರಿಕೆಯಾದೀತು. ಹೀಗೆ ಹಗಲಿರುಳು ತಿರುಗುವ ಯಂತ್ರವು ಒಂದಲ್ಲ ಒಂದು ದಿನ ಸವೆಯಲೇಬೇಕು. ಎಲ್ಲ ತಯಾರಕರ ಡಿಸ್ಕುಗಳೂ ಸಾಯುತ್ತವೆ. ಎಂದು ಸಾಯುತ್ತವೆಯೆಂಬುದನ್ನು ಮಾತ್ರ ಯಾರೂ ಹೇಳಲಾರರು.

ಎಷ್ಟು ಬೇಕು?

ಅಂಗಡಿಗೆ ಹೋಗುವ ಮುನ್ನ ಕಾಗದ, ಪೆನ್ಸಿಲು ಹಿಡಿದು ಲೆಕ್ಕ ಹಾಕುವುದು ಮೇಲು. ಸಾಧಾರಣ ಫೋಟೋ ಒಂದಕ್ಕೆ 4 ಮೆಗಾಬೈಟೆಂದು ಹಿಡಿದರೆ ಒಂದು ಟೆರಾಬೈಟಿನಲ್ಲಿ ಎರಡೂವರೆ ಲಕ್ಷ ಫೋಟೋಗಳನ್ನು ಇಡಬಹುದು. ಜಾಗವನ್ನು ನುಂಗುವುದು ವಿಡಿಯೋ. ಫೋನಿನಲ್ಲಿ ‘4ಕೆ’ ಗುಣಮಟ್ಟದಲ್ಲಿ ತೆಗೆದರೆ ಒಂದು ಗಂಟೆಗೆ ಸುಮಾರು 10ರಿಂದ 20 ಗಿಗಾಬೈಟ್ ಬೇಕಾಗುತ್ತದೆ.

ನಮ್ಮ ಗೃಹಸ್ಥರ ಮನೆಯ ಲೆಕ್ಕ ಹೀಗಾಯಿತು: ಸುಮಾರು 60,000 ಫೋಟೋಗಳಿಗೆ 240 ಗಿಗಾಬೈಟ್, ಮೊಮ್ಮಕ್ಕಳ ವಿಡಿಯೋಗಳಿಗೆ ಒಂದು ಟೆರಾಬೈಟಿಗೆ ಸ್ವಲ್ಪ ಮೇಲೆ, ಮುಂದಿನ ಐದು ವರ್ಷಗಳಲ್ಲಿ ಸೇರುವುದಕ್ಕೆಂದು ಇನ್ನೂ ಒಂದೂವರೆ ಟೆರಾಬೈಟ್. ಎಲ್ಲ ಕೂಡಿದರೂ ಮೂರು ಟೆರಾಬೈಟಿನೊಳಗೆ. ಹದಿನಾರು ಎಲ್ಲಿ, ಮೂರು ಎಲ್ಲಿ!

ಇಲ್ಲಿ ಒಂದು ಮಾತು. ನಾಲ್ಕು ಟೆರಾಬೈಟಿನ ಡಿಸ್ಕನ್ನು ಜೋಡಿಸಿದಾಗ ವಿಂಡೋಸ್ 3.63 ಎಂದು ತೋರಿಸಿದರೆ ಅಂಗಡಿಯವನು ಮೋಸಮಾಡಿದನೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸರಕು ಅಷ್ಟೇ, ಅಳತೆಯ ಪಾವು ಬೇರೆ.

ಹೆಂಚಿನ ಮಾಡಿನ ಗುಟ್ಟು

ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಕಾಣದ, ಆದರೆ ಕೊಳ್ಳುವವರು ಅವಶ್ಯ ವಿಚಾರಿಸಬೇಕಾದ ಸಂಗತಿಯೊಂದಿದೆ. ತಟ್ಟೆಯ ಮೇಲೆ ಅಕ್ಷರಗಳನ್ನು ಬರೆಯುವ ಕ್ರಮ ಎರಡು ಬಗೆ. ‘ಸಿ.ಎಂ.ಆರ್.’ ಎಂಬ ಕ್ರಮದಲ್ಲಿ ಒಂದೊಂದು ಸಾಲೂ ಪ್ರತ್ಯೇಕವಾಗಿರುತ್ತದೆ. ‘ಎಸ್.ಎಂ.ಆರ್.’ ಎಂಬ ಕ್ರಮದಲ್ಲಿ ಮಂಗಳೂರು ಹೆಂಚು ಹೊದಿಸಿದಂತೆ ಒಂದು ಸಾಲಿನ ಅಂಚು ಇನ್ನೊಂದರ ಮೇಲೆ ಹಾಯ್ದಿರುತ್ತದೆ. ಇದರಿಂದ ಅಷ್ಟೇ ತಟ್ಟೆಯಲ್ಲಿ ಹೆಚ್ಚು ಸಾಲುಗಳು ಹಿಡಿಯುತ್ತವೆ. ಆದರೆ ಮಾಡಿನ ನಡುವೆ ಒಂದು ಹೆಂಚನ್ನು ಬದಲಾಯಿಸಬೇಕಾದರೆ ಅದರ ಮೇಲಿನವುಗಳನ್ನೂ ಎತ್ತಬೇಕಲ್ಲವೆ? ಅಂತೆಯೇ ಇಲ್ಲಿ ಒಂದು ಸಾಲನ್ನು ತಿದ್ದಲು ಪಕ್ಕದ ಸಾಲುಗಳ ಒಂದು ಪಟ್ಟಿಯನ್ನೇ ಪುನಃ ಬರೆಯಬೇಕಾಗುತ್ತದೆ. ಬಹಳ ಹೊತ್ತು ಒಂದೇ ಸಮನೆ ಬರೆಯುವ ಸಂದರ್ಭದಲ್ಲಿ ಇಂಥ ಡಿಸ್ಕು ಏದುಸಿರುಬಿಟ್ಟು ನಿಧಾನವಾಗುತ್ತದೆ.

ಈ ಗುಟ್ಟು 2020ರಲ್ಲಿ ದೊಡ್ಡ ವಿವಾದವಾಯಿತು. ಕೆಲವು ಮಾದರಿಗಳಲ್ಲಿ ಎಸ್.ಎಂ.ಆರ್. ಕ್ರಮವಿದ್ದರೂ ಅದನ್ನು ತಿಳಿಸದೆ ಮಾರಿದ್ದು ಬೆಳಕಿಗೆ ಬಂದು, ಗ್ರಾಹಕರು ಪ್ರತಿಭಟಿಸಿದ ಮೇಲೆ, ತಯಾರಕರು ಯಾವ ಮಾದರಿ ಯಾವ ಬಗೆಯದೆಂದು ಪಟ್ಟಿಗಳನ್ನು ಪ್ರಕಟಿಸಿದರು. ಮನೆಬಳಕೆಯ 2ರಿಂದ 8 ಟೆರಾಬೈಟಿನ ಡಿಸ್ಕುಗಳಲ್ಲಿ ಹಲವು ಈ ಬಗೆಯವು. ಒಮ್ಮೆ ತುಂಬಿಟ್ಟು ಬೇಕಾದಾಗ ತೆಗೆದು ನೋಡುವ ಫೋಟೋಗಳಿಗೆ ಇದರಿಂದ ಬಾಧಕವೇನಿಲ್ಲ. ದಿನದಿನವೂ ವಿಡಿಯೋ ಸಂಕಲನ ಮಾಡುವವರು, ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವವರು ಮಾತ್ರ ಸಿ.ಎಂ.ಆರ್. ಎಂದು ಖಚಿತಪಡಿಸಿಕೊಂಡೇ ಹಣ ಕೊಡಬೇಕು. ಮಾದರಿಯ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಪಟ್ಟಿಯಲ್ಲಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ವೇಗ, ಸದ್ದು, ವಾರಂಟಿ

ಕಂಪ್ಯೂಟರು ಚುರುಕಾಗಿ ತೆರೆದುಕೊಳ್ಳಬೇಕೆಂಬ ಆಸೆಯಿಂದ ದೊಡ್ಡ ಹಾರ್ಡ್ ಡಿಸ್ಕನ್ನು ಕೊಳ್ಳುವುದು ತಪ್ಪುದಾರಿ. ಆ ಕೆಲಸಕ್ಕೆ ತಿರುಗುವ ತಟ್ಟೆಯೇ ಇಲ್ಲದ ಚಿಕ್ಕ ಎಸ್.ಎಸ್.ಡಿ. ಸಾಕು, ವಿಂಡೋಸ್ ಮುಂತಾದವು ಅದರಲ್ಲಿರಲಿ. ಹಾರ್ಡ್ ಡಿಸ್ಕು ಉಗ್ರಾಣವಾಗಿರಲಿ. ಉಗ್ರಾಣಕ್ಕೆ 5400 ಸುತ್ತಿನದಾದರೂ ಸಾಕು. ಅದರ ಸದ್ದೂ ಬಿಸಿಯೂ ಕಡಿಮೆ. ದೊಡ್ಡ ಕಚೇರಿಗಳ ಯಂತ್ರಗಳಿಗೆಂದೇ ಮಾಡಿದ 7200 ಸುತ್ತಿನ ಡಿಸ್ಕುಗಳು ಗಟ್ಟಿಮುಟ್ಟಾದವೇ ಆದರೂ, ಮಲಗುವ ಕೋಣೆಯಲ್ಲಿ ಕಂಪ್ಯೂಟರಿಟ್ಟವರಿಗೆ ಅವುಗಳ ಗೊರಗೊರ ರಾತ್ರಿಯ ನಿದ್ದೆಯನ್ನು ಕೆಡಿಸೀತು.

ವಾರಂಟಿಯನ್ನು ಗಮನಿಸಿ. ಮನೆಬಳಕೆಯ ಡಿಸ್ಕುಗಳಿಗೆ ಸಾಮಾನ್ಯವಾಗಿ 2 ವರ್ಷ, ‘ನ್ಯಾಸ್’ ಪೆಟ್ಟಿಗೆಗಳಿಗೆಂದು ಮಾಡಿದವಕ್ಕೆ 3 ವರ್ಷ, ಕಚೇರಿಯ ದರ್ಜೆಯವಕ್ಕೆ 5 ವರ್ಷ. ಆದರೆ ವಾರಂಟಿಯಿಂದ ದೊರೆಯುವುದು ಬದಲಿ ಡಿಸ್ಕು ಮಾತ್ರ. ಅದರಲ್ಲಿದ್ದ ಮಗುವಿನ ನಗುವನ್ನು ಯಾವ ತಯಾರಕನೂ ಮರಳಿ ಕೊಡಲಾರ.

ಎಸ್.ಪಿ. ರಸ್ತೆಯಲ್ಲಿ ಕೊಳ್ಳಿರಿ, ಮನೆಯಲ್ಲಿಯೇ ಕುಳಿತು ತರಿಸಿಕೊಳ್ಳಿರಿ, ಬಿಲ್ಲನ್ನು ಬಿಡಬೇಡಿ. ಡಿಸ್ಕಿನ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಕೊಟ್ಟು, ವಾರಂಟಿ ನಮ್ಮ ದೇಶಕ್ಕೆ ಅನ್ವಯಿಸುತ್ತದೆಯೇ, ಎಂದಿನವರೆಗಿದೆ ಎಂಬುದನ್ನು ನೋಡಿಕೊಳ್ಳಿ. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಸಾವಿರಾರು ಗಂಟೆ ದುಡಿದ ಡಿಸ್ಕುಗಳನ್ನು ಅವುಗಳ ದುಡಿಮೆಯ ಲೆಕ್ಕವನ್ನು ಅಳಿಸಿ ಹೊಸವೆಂದು ಮಾರಿದ ಪ್ರಕರಣ ಹೊರಬಿತ್ತು. ಬೆಲೆ ಅಸಹಜವಾಗಿ ಕಡಿಮೆಯಿದ್ದರೆ ಅಲ್ಲಿ ಎಚ್ಚರವಿರಬೇಕು.

ಮನೆಗೆ ತಂದ ಮೇಲೆ

ಕೊಳ್ಳುವ ಮೊದಲೇ ಕ್ಯಾಬಿನೆಟ್ಟಿನ ಬಾಗಿಲು ತೆರೆದು ಮೂರು ವಸ್ತುಗಳಿವೆಯೇ ಎಂದು ನೋಡಬೇಕು: ಮೂರೂವರೆ ಅಂಗುಲದ ಡಿಸ್ಕು ಕೂರುವ ಗೂಡು, ಮದರ್‌ಬೋರ್ಡಿನಲ್ಲಿ ಖಾಲಿ ಇರುವ ‘ಸಾಟಾ’ ಕಿಂಡಿ, ವಿದ್ಯುತ್ತಿನ ಸಾಟಾ ತಂತಿ. ಕೆಲವು ಮದರ್‌ಬೋರ್ಡುಗಳಲ್ಲಿ ಎಸ್.ಎಸ್.ಡಿ. ಕೂರಿಸಿದರೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿ ಮುಚ್ಚಿಕೊಳ್ಳುವುದುಂಟು. ಡಿಸ್ಕನ್ನು ಸಿದ್ಧಪಡಿಸುವಾಗ ವಿಂಡೋಸ್ ‘ಎಂ.ಬಿ.ಆರ್.’ ಬೇಕೋ ‘ಜಿ.ಪಿ.ಟಿ.’ ಬೇಕೋ ಎಂದು ಕೇಳುತ್ತದೆ. ಹಳೆಯದಾದ ಎಂ.ಬಿ.ಆರ್. ಸಾಮಾನ್ಯವಾಗಿ 2 ಟೆರಾಬೈಟಿಗಿಂತ ಆಚೆಗೆ ಎಣಿಸಲಾರದು; ಆದ್ದರಿಂದ ಜಿ.ಪಿ.ಟಿ.ಯನ್ನೇ ಆರಿಸಬೇಕು.

ಮೊದಲ ದಿನವೇ ನೆನಪುಗಳನ್ನೆಲ್ಲ ತುಂಬುವ ಆತುರ ಬೇಡ. ಇಡೀ ಡಿಸ್ಕನ್ನು ಒಮ್ಮೆ ಪರೀಕ್ಷೆಗೆ ಹಚ್ಚಿ. ಸೆಕೆಂಡಿಗೆ 200 ಮೆಗಾಬೈಟಿನ ವೇಗದಲ್ಲಿ ಓದಿದರೂ 4 ಟೆರಾಬೈಟಿಗೆ ಐದೂವರೆ ಗಂಟೆ ಹಿಡಿಯುತ್ತದೆ; ರಾತ್ರಿ ಬಿಟ್ಟು ಮಲಗಬಹುದು. ಡಿಸ್ಕು ತನ್ನ ಆರೋಗ್ಯದ ದಿನಚರಿಯನ್ನು ‘ಸ್ಮಾರ್ಟ್’ ಎಂಬ ಹೆಸರಿನಲ್ಲಿ ತಾನೇ ಬರೆದಿಡುತ್ತದೆ. ಅದನ್ನು ಓದಿ ತೋರಿಸುವ ಉಚಿತ ತಂತ್ರಾಂಶಗಳಿವೆ. ಕೆಟ್ಟುಹೋಗಿ ಬದಲಾಯಿಸಲ್ಪಟ್ಟ ಭಾಗಗಳ ಸಂಖ್ಯೆ ಅದರಲ್ಲಿ ಏರುತ್ತಿದ್ದರೆ ಡಿಸ್ಕನ್ನು ನಂಬುವಂತಿಲ್ಲ. ದಿನಚರಿ ಶುದ್ಧವಾಗಿದ್ದರೂ ಹಠಾತ್ತನೆ ಸಾಯುವ ಡಿಸ್ಕುಗಳಿವೆ. ಬರೆಯುತ್ತಿರುವಾಗ ವಿದ್ಯುತ್ತು ಹೋಗುವುದು ಕಡತಗಳಿಗೆ ಕೇಡು, ಯು.ಪಿ.ಎಸ್. ಇದ್ದರೆ ಕ್ಷೇಮ. ಟಕ್ ಟಕ್ ಎಂಬ ಸದ್ದು ಬಂದರೆ ಕೂಡಲೇ ಆರಿಸಿಬಿಡಿ. ಮತ್ತೆ ಮತ್ತೆ ಹಚ್ಚಿ ನೋಡಬೇಡಿ, ಮನೆಯಲ್ಲಿ ಮುಚ್ಚಳ ಬಿಚ್ಚಬೇಡಿ. ಧೂಳಿನ ಒಂದು ಕಣ ಮುಳ್ಳಿನ ಪಾಲಿಗೆ ಬಂಡೆಯಿದ್ದಂತೆ.

ಒಂದಲ್ಲ, ಎರಡು

ಇಷ್ಟೆಲ್ಲ ಎಚ್ಚರ ವಹಿಸಿ ಆರಿಸಿದ ಡಿಸ್ಕೂ ಒಂದೇ ಒಂದಾಗಿದ್ದರೆ ಅದರ ಮೇಲೆ ಭರವಸೆಯಿಡುವುದು ಸರಿಯಲ್ಲ. ಬೇಡದ ಜಾಗಕ್ಕೆಂದು ದೊಡ್ಡ ಡಿಸ್ಕಿಗೆ ಸುರಿಯುವ ಹಣವನ್ನು ಎರಡನೆಯ ಡಿಸ್ಕಿಗೆ ಕೊಡುವುದೇ ವಿವೇಕ. ಒಂದು ಕಂಪ್ಯೂಟರಿನೊಳಗಿರಲಿ. ಇನ್ನೊಂದರಲ್ಲಿ ಅದರ ನಕಲಿರಲಿ. ಅದನ್ನು ನಕಲು ಮಾಡುವಾಗ ಮಾತ್ರ ಜೋಡಿಸಿ, ಉಳಿದ ಕಾಲ ಬೇರೆಡೆ ಇಡಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ‘ರೇಡ್’ ಎಂಬ ಕನ್ನಡಿ ವ್ಯವಸ್ಥೆಗೆ ಜೋಡಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ನೀವು ಕೈತಪ್ಪಿ ಅಳಿಸಿದ್ದನ್ನು ಕನ್ನಡಿಯೂ ಆ ಕ್ಷಣವೇ ಅಳಿಸುತ್ತದೆ. ಬೆಂಕಿ, ಕಳ್ಳ, ವೈರಸ್ಸು ಇವಕ್ಕೆ ಎರಡು ಡಿಸ್ಕುಗಳೂ ಒಟ್ಟಿಗೇ ತುತ್ತಾಗುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದಾಚೆ ಎಂಬುದು ಈ ವಿದ್ಯೆಯನ್ನು ಬಲ್ಲವರ ಸೂತ್ರ.

ನಮ್ಮ ಗೃಹಸ್ಥರು ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮಗಳು ಅವತ್ತು ಸಿ.ಡಿ. ಕೇಳಿದಾಗ ಇದೆಲ್ಲ ಯಾಕಮ್ಮ, ಇಲ್ಲೇ ಭದ್ರವಾಗಿದೆಯಲ್ಲ ಅಂದಿದ್ದೆ” ಎಂದರು. ಆ ಸಂಜೆಯೇ 4 ಟೆರಾಬೈಟಿನ ಎರಡು ಡಿಸ್ಕುಗಳನ್ನು ತಂದೆವು. ಎರಡನ್ನೂ ಪರೀಕ್ಷೆಗೆ ಹಚ್ಚಿ, ಮಾರನೆಯ ದಿನ ಎರಡಕ್ಕೂ ಮೊದಲು ಇಳಿಸಿದ್ದು ಆ ಆರು ಹಾಡುಗಳನ್ನು. ಒಂದು ಡಿಸ್ಕು ಬಸವನಗುಡಿಯಲ್ಲಿದೆ. ಇನ್ನೊಂದನ್ನು ಅವರು ಹತ್ತಿಯ ಟವೆಲ್ಲಿನಲ್ಲಿ ಸುತ್ತಿ, ತಾವೇ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮೈಸೂರಿಗೆ ಒಯ್ದು ಮಗಳ ಬೀರುವಿನಲ್ಲಿಟ್ಟು ಬಂದರು. ಪ್ರತಿ ಯುಗಾದಿಗೆ ಮತ್ತು ದಸರೆಗೆ ಅದನ್ನು ತರಿಸಿ ಹೊಸ ಚಿತ್ರಗಳನ್ನು ಸೇರಿಸುವುದೆಂದು ಗೊತ್ತುಮಾಡಿಕೊಂಡಿದ್ದಾರೆ.