ಅಂಚಿನಲ್ಲಿ ಉಳಿದ ಪೆನ್ಸಿಲ್ ಗೆರೆ

ಹಲ್ಕ್, ಥಾರ್, ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್: ಈ ಹೆಸರುಗಳನ್ನು ಇಂದು ಬೆಂಗಳೂರು, ಮೈಸೂರಿನ ಶಾಲಾ ಮಕ್ಕಳೂ ಬಲ್ಲರು. ನಾಲ್ವರೂ ಮೊದಲು ಕಥೆಯಾಗಿ ಕಾಗದದ ಮೇಲೆ ಓಡಾಡಿದ್ದು ಒಬ್ಬನೇ ಚಿತ್ರಕಾರನ ಪೆನ್ಸಿಲಿನಿಂದ ಎಂಬ ಸಂಗತಿ ಮಾತ್ರ ಸಿನಿಮಾ ನೋಡುವ ಬಹುಪಾಲು ಜನರ ಕಿವಿಗೆ ಬಿದ್ದಿಲ್ಲ. ಆ ಚಿತ್ರಕಾರ ಜಾಕ್ ಕರ್ಬಿ. ಅವನ ಬದುಕು, ಚಿತ್ರಗಳೆರಡನ್ನೂ ಒಟ್ಟಿಗೆ ಕಟ್ಟಿ ಮಾರ್ಕ್ ಎವಾನಿಯರ್ ಸಿದ್ಧಪಡಿಸಿದ ‘ಕರ್ಬಿ: ಕಿಂಗ್ ಆಫ್ ಕಾಮಿಕ್ಸ್’ ಎಂಬ ದೊಡ್ಡ ಅಳತೆಯ ಸಂಪುಟ 2008ರಲ್ಲಿ ಏಬ್ರಮ್ಸ್ ಪ್ರಕಾಶನದಿಂದ ಹೊರಬಂತು. ಇಂಥ ಪುಸ್ತಕಗಳನ್ನು ಹಣವಿದ್ದವರು ಕೊಂಡು ಕಪಾಟಿನಲ್ಲಿಡುವ ವಸ್ತುವೆಂದು ತಳ್ಳಿಹಾಕುವುದು ಸುಲಭ. ಕಾಮಿಕ್ಸ್ ಕಲಾವಿದನ ಮಟ್ಟಿಗೆ ಅವು ಸಾಕ್ಷ್ಯದ ಕಡತಗಳು ಎಂಬುದು ನನ್ನ ವಾದ. ಯಾರು ಏನು ಮಾಡಿದರು ಎಂಬ ಬಗ್ಗೆ ಅಗ್ಗದ ಸಂಚಿಕೆ ಹೇಳದೆ ಬಿಟ್ಟದ್ದನ್ನು ಮೂಲ ಹಾಳೆ ಹೇಳುತ್ತದೆ.

ಕರ್ಬಿ ಹುಟ್ಟಿದ್ದು 1917ರಲ್ಲಿ, ನ್ಯೂಯಾರ್ಕಿನ ಬಡವರ ಬಡಾವಣೆ ಲೋಯರ್ ಈಸ್ಟ್ ಸೈಡ್‌ನಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ. ಹುಟ್ಟುಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಗೆಳೆಯ ಜೋ ಸೈಮನ್ ಜೊತೆ ರೂಪಿಸಿದ ಕ್ಯಾಪ್ಟನ್ ಅಮೆರಿಕ ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿದ. ಆ ಸಂಚಿಕೆ ಅಂಗಡಿಗೆ ಬಂದದ್ದು 1940ರ ಕೊನೆಯಲ್ಲಿ, ಅಮೆರಿಕ ಯುದ್ಧಕ್ಕೆ ಇಳಿಯುವ ಸುಮಾರು ಒಂದು ವರ್ಷ ಮೊದಲು. ಮುಂದೆ ಕರ್ಬಿಯೇ ಕಾಲಾಳು ಸೈನಿಕನಾಗಿ ಫ್ರಾನ್ಸಿಗೆ ಹೋಗಿ, ಹಿಮದಲ್ಲಿ ಕಾಲು ಮರಗಟ್ಟಿಸಿಕೊಂಡು ಮರಳಿದ. 1947ರಲ್ಲಿ ಇದೇ ಜೋಡಿ ‘ಯಂಗ್ ರೊಮಾನ್ಸ್’ ಮೂಲಕ ಕಾಮಿಕ್ಸಿಗೆ ಪ್ರೇಮಕಥೆಯನ್ನು ತಂದಿತು. 1961ರಲ್ಲಿ ಮಾರ್ವೆಲ್ ಕಂಪನಿಯ ಸಂಪಾದಕ, ಲೇಖಕ ಸ್ಟ್ಯಾನ್ ಲೀ ಜೊತೆ ‘ಫೆಂಟಾಸ್ಟಿಕ್ ಫೋರ್’ ಶುರುವಾಯಿತು. ಅದರ 102 ಸಂಚಿಕೆಗಳ ಚಿತ್ರಗಳನ್ನು ಕರ್ಬಿ ಒಂದೇ ಸಮನೆ ಬರೆದ. ಬಿಡಿ ಸಂಚಿಕೆಗಳಲ್ಲಿ ಈ ಘಟ್ಟಗಳು ಬೇರೆಬೇರೆ ಮನುಷ್ಯರ ಕೆಲಸದಂತೆ ಕಾಣುತ್ತವೆ. ಒಂದರ ಪಕ್ಕ ಒಂದಿಟ್ಟು ನೋಡಿದಾಗ, 1941ರಲ್ಲಿ ಚೌಕಟ್ಟನ್ನು ಒಡೆದು ಹೊರಗೆ ನುಗ್ಗುತ್ತಿದ್ದ ಶಕ್ತಿಯೇ ಪ್ರೇಮಕಥೆಯಲ್ಲಿ ಎರಡು ಮುಖಗಳ ನಡುವಿನ ಬಿಗುವಾಗಿದೆ ಎಂಬುದು ಗೊತ್ತಾಗುತ್ತದೆ. ಅರವತ್ತರ ದಶಕದ ನಡುವಿಗೆ ಬಂದರೆ ಅದೇ ಶಕ್ತಿ ಕಪ್ಪು ಚುಕ್ಕೆಗಳ ರಾಶಿಯಾಗಿ, ಅಭಿಮಾನಿಗಳು ‘ಕರ್ಬಿ ಕ್ರ್ಯಾಕಲ್’ ಎಂದು ಕರೆಯುವ ಬಾಹ್ಯಾಕಾಶದ ಕುದಿತವಾಗಿ ಸಿಡಿಯುತ್ತದೆ.

ಸಾಕ್ಷ್ಯ ಎಂದೆ. ಅದು ಇರುವುದು ಹಾಳೆಯ ಅಂಚಿನಲ್ಲಿ. ಮಾರ್ವೆಲ್‌ನಲ್ಲಿ ಆಗ ಕೆಲಸ ನಡೆಯುತ್ತಿದ್ದ ರೀತಿಯೇ ಬೇರೆ. ಕಥೆಯ ಎಳೆಯ ಬಗ್ಗೆ ಲೀ ಮತ್ತು ಚಿತ್ರಕಾರ ಸ್ವಲ್ಪ ಮಾತಾಡಿಕೊಳ್ಳುತ್ತಿದ್ದರು. ಚಿತ್ರಕಾರ ಇಡೀ ಸಂಚಿಕೆಯ ಚಿತ್ರ ಬರೆದು ತರುತ್ತಿದ್ದ. ಸಂಭಾಷಣೆಯನ್ನು ಲೀ ಆಮೇಲೆ ತುಂಬುತ್ತಿದ್ದ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಚೌಕಟ್ಟು ಮಾತ್ರ ಕೊಟ್ಟು, ಪಾತ್ರವನ್ನು ಬೆಳೆಸುವ ಹೊಣೆಯನ್ನು ಅರ್ಥಧಾರಿಗೆ ಬಿಡುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಯಾವ ಚೌಕದಲ್ಲಿ ಏನಾಗುತ್ತಿದೆ, ಯಾರು ಯಾಕೆ ಹಾಗೆ ನಡೆದುಕೊಳ್ಳುತ್ತಿದ್ದಾರೆ ಎಂದು ಕರ್ಬಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆಯುತ್ತಿದ್ದ. ಅಚ್ಚಾಗುವಾಗ ಅಂಚು ಕತ್ತರಿಸಿಹೋಗುತ್ತಿತ್ತು. ಓದುಗನ ಕೈಗೆ ಬರುತ್ತಿದ್ದುದು ಲೀಯ ಮಾತು ಮತ್ತು ಲೀಯ ಹೆಸರು ಮುಂದಿದ್ದ ಪುಟ. ಮೂಲ ಹಾಳೆಯನ್ನು ಅಂಚಿನ ಸಮೇತ ಅಚ್ಚು ಹಾಕಿದಾಗಲೇ, ಘಟನೆಗಳನ್ನು ಜೋಡಿಸಿ ಕಥೆ ನಡೆಸಿದವನು ಚಿತ್ರಕಾರ ಎಂಬುದು ಕಣ್ಣಿಗೆ ಬೀಳುವುದು. ‘ಫೆಂಟಾಸ್ಟಿಕ್ ಫೋರ್’ನಲ್ಲಿ 1966ರಲ್ಲಿ ಬಂದ, ಗ್ಯಾಲಾಕ್ಟಸ್ ಎಂಬ ದೈತ್ಯನ ಕಥೆಯಲ್ಲಿ ಬರುವ ಸಿಲ್ವರ್ ಸರ್ಫರ್ ಎಂಬ ಪಾತ್ರ ಮಾತುಕತೆಯಲ್ಲಿ ಇರಲೇ ಇಲ್ಲ. ಕರ್ಬಿ ತಾನಾಗಿ ಬರೆದು ತಂದ ಪುಟಗಳಲ್ಲಿ ಅವನನ್ನು ಮೊದಲು ಕಂಡೆನೆಂದು ಲೀಯೇ ಹೇಳಿದ್ದಾನೆ.

ಇದಕ್ಕೆ ಎದುರುವಾದ ಉಂಟು. ಲೀಯ ಚುರುಕು ಮಾತಿಲ್ಲದೆ ಆ ಪಾತ್ರಗಳು ಅಷ್ಟು ಜನರ ಪ್ರೀತಿ ಗಳಿಸುತ್ತಿದ್ದವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1970ರಲ್ಲಿ ಕರ್ಬಿ ಡಿಸಿ ಕಂಪನಿಗೆ ಹೋಗಿ ‘ನ್ಯೂ ಗಾಡ್ಸ್’ ಮಾಲೆಗೆ ಮಾತನ್ನೂ ತಾನೇ ಬರೆದಾಗ ಸಂಭಾಷಣೆ ಹಲವು ಕಡೆ ಗಡುಸಾಯಿತು, ಮಾಲೆ ಬೇಗ ನಿಂತೂಹೋಯಿತು. ಲೀಗೆ ಸಲ್ಲಬೇಕಾದ್ದು ಸಲ್ಲಲಿ. ಆದರೆ ಡಿಸಿಯಲ್ಲಿ ಆಗ ಕರ್ಬಿ ಹುಟ್ಟಿಸಿದ ಡಾರ್ಕ್‌ಸೈಡ್ ಇಂದಿಗೂ ಡಿಸಿ ಲೋಕದ ದೊಡ್ಡ ಖಳ. ಲೋಕಗಳನ್ನು ಕಟ್ಟುವ ಕಲ್ಪನೆ ಯಾರದಾಗಿತ್ತು ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಸಿಗಲಾರದು. ಎವಾನಿಯರ್ ಯುವಕನಾಗಿದ್ದಾಗ ಕರ್ಬಿಯ ಸಹಾಯಕನಾಗಿದ್ದವ, ಹಾಗಾಗಿ ಪಕ್ಷಪಾತಿ ಎಂಬ ಆಕ್ಷೇಪವೂ ಇದೆ. ಅವನ ಮಾತನ್ನು ಅನುಮಾನಿಸುವವರು ಅನುಮಾನಿಸಲಿ. ಹಾಳೆಯ ಮೇಲಿನ ಪೆನ್ಸಿಲ್ ಬರಹ ಅವನದಲ್ಲ.

ಇನ್ನು ಕೆಲವರಿಗೆ ಕರ್ಬಿಯ ಗೆರೆಯೇ ಹಿಡಿಸುವುದಿಲ್ಲ. ಬೆರಳ ತುದಿ ಚೌಕ, ಮಂಡಿ ಕಲ್ಲುಗುಂಡು, ಸ್ನಾಯುಗಳು ಯಾವ ಶರೀರಶಾಸ್ತ್ರದ ಪುಸ್ತಕದಲ್ಲೂ ಇಲ್ಲದವು. ನಿಜ. ಆ ದೇಹಗಳನ್ನು ಅವನು ನಿಂತ ಭಂಗಿಗಾಗಿ ಬರೆದವನಲ್ಲ, ಏಟಿನ ಭಾರಕ್ಕಾಗಿ ಬರೆದವನು. ಅಗ್ಗದ ಕಾಗದದಲ್ಲಿ ಬಣ್ಣ ಕಲಸಿಹೋಗಿ ಅದು ಒರಟಾಗಿ ಕಂಡಿತ್ತು. ಅರವತ್ತರ ದಶಕದ ಹೆಚ್ಚಿನ ಭಾಗ ಮೂಲ ಹಾಳೆಗಳು ಅಚ್ಚಿನ ಪುಟದ ಹತ್ತಿರ ಹತ್ತಿರ ಎರಡರಷ್ಟು ಉದ್ದಗಲ ಇದ್ದವು, ಆ ಅಳತೆಯಲ್ಲಿ ಏಟಿನ ಭಾರ ಕಣ್ಣಿಗೆ ಕಾಣುತ್ತದೆ. ಇಲ್ಲಿ ಶಾಯಿಕಾರರ ಪಾತ್ರವೂ ದೊಡ್ಡದು. ಕರ್ಬಿ ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಬೇರೆಯವರು ಶಾಯಿ ಎಳೆಯುತ್ತಿದ್ದರು. ಕೆಲಸ ಬೇಗ ಮುಗಿಸಲು ವಿನ್ಸ್ ಕೊಲೆಟ್ಟಾ ಹಿನ್ನೆಲೆಯ ಆಕೃತಿಗಳನ್ನು ಅಳಿಸಿಬಿಡುತ್ತಿದ್ದ. ಆಮೇಲೆ ಬಂದ ಮೈಕ್ ರಾಯರ್ ಒಂದೊಂದು ಗೆರೆಯನ್ನೂ ಉಳಿಸಿದ. ಎಪ್ಪತ್ತರ ದಶಕದಲ್ಲಿ ಕರ್ಬಿ ಪೆನ್ಸಿಲ್ ಪುಟಗಳ ಜೆರಾಕ್ಸ್ ಇಟ್ಟುಕೊಂಡಿದ್ದರಿಂದ ಈ ವ್ಯತ್ಯಾಸವನ್ನು ಇಂದು ಯಾರು ಬೇಕಾದರೂ ತಾಳೆ ನೋಡಬಹುದು.

ಸಂಪುಟದ ಹಿಂದೆ ಅಡಗಿದ ಒಂದು ನಷ್ಟವನ್ನೂ ಹೇಳಬೇಕು. ಕರ್ಬಿ ಬರೆದ ಸಾವಿರಾರು ಪುಟಗಳು ಕಂಪನಿಯ ವಶದಲ್ಲಿದ್ದವು, ಎಷ್ಟೋ ಕಳವಾದವು. ಎಂಬತ್ತರ ದಶಕದಲ್ಲಿ ಅವುಗಳಿಗಾಗಿ ವರ್ಷಗಟ್ಟಲೆ ಜಗ್ಗಾಡಿದ ಮೇಲೆ 1987ರಲ್ಲಿ ಮರಳಿದ್ದು ಸುಮಾರು 2,000 ಪುಟ. ಅವನು 1994ರಲ್ಲಿ ತೀರಿಕೊಂಡ. ಅವನ ಕುಟುಂಬ ಮತ್ತು ಮಾರ್ವೆಲ್ ನಡುವಿನ ವ್ಯಾಜ್ಯ 2014ರಲ್ಲಿ ರಾಜಿಯಾಯಿತು. ಉಳಿದು ಬಂದ ಅವನ ಚಿತ್ರಗಳಲ್ಲಿ ನಮ್ಮವರಿಗೆ ವಿಶೇಷ ಕುತೂಹಲ ಹುಟ್ಟಿಸುವುದು ‘ಲಾರ್ಡ್ ಆಫ್ ಲೈಟ್’ ಚಿತ್ರಗಳು. ರೋಜರ್ ಜೆಲಾಜ್ನಿ ಹಿಂದೂ ದೇವತೆಗಳ ಹೆಸರು, ಲಕ್ಷಣಗಳನ್ನು ಬಳಸಿ ಬರೆದ ವಿಜ್ಞಾನ ಕಾದಂಬರಿ ಅದು. ಅದನ್ನು ಸಿನಿಮಾ ಮಾಡುವ ಯೋಜನೆಗೆ ಕರ್ಬಿ ಯಂತ್ರಮಯ ದೇವನಗರಗಳನ್ನು ಬರೆದುಕೊಟ್ಟ. ಸಿನಿಮಾ ಆಗಲಿಲ್ಲ. 1980ರಲ್ಲಿ ಟೆಹರಾನಿನಲ್ಲಿ ಸಿಕ್ಕಿಬಿದ್ದಿದ್ದ ಆರು ಮಂದಿ ಅಮೆರಿಕನ್ನರನ್ನು ಸಿನಿಮಾ ತಂಡದ ವೇಷದಲ್ಲಿ ಹೊರತರಲು ಸಿಐಎ ಇದೇ ಚಿತ್ರಗಳನ್ನು ಬಳಸಿಕೊಂಡಿತು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆ: ಕಾಮಿಕ್ಸ್ ಓದಲಿಕ್ಕೆ ಇರುವುದು, ಒಂದು ಪುಟ ಕಿತ್ತು ಗೋಡೆಯ ಚಿತ್ರದಂತೆ ನೋಡಿದರೆ ಕಥೆಯ ಉಸಿರು ನಿಲ್ಲುತ್ತದೆ. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಗ್ಯಾಲಾಕ್ಟಸ್ ಭಯ ಹುಟ್ಟಿಸುವುದು ಅವನು ಬರುವ ಮೊದಲು ಪುಟಪುಟಕ್ಕೂ ಆಕಾಶ ಕೆಡುತ್ತ ಹೋಗುವುದರಿಂದ. ಅವನೊಬ್ಬನ ಚಿತ್ರ ಎಷ್ಟೇ ದೊಡ್ಡದಾಗಿ ಅಚ್ಚಾದರೂ ಆ ಕಾಯುವಿಕೆಯನ್ನು ಕೊಡಲಾರದು. ಐಡಿಡಬ್ಲ್ಯು ಪ್ರಕಾಶನ 2010ರಿಂದ ತರುತ್ತಿರುವ ‘ಆರ್ಟಿಸ್ಟ್ಸ್ ಎಡಿಷನ್’ ಸಂಪುಟಗಳು ಇಡೀ ಸಂಚಿಕೆಗಳನ್ನೇ ಮೂಲ ಅಳತೆಯಲ್ಲಿ, ಟಿಪ್ಪಣಿ, ತಿದ್ದುಪಡಿ, ಅಂಟಿಸಿದ ತುಂಡುಗಳ ಸಮೇತ ಕೊಟ್ಟು ಈ ಕೊರತೆಯನ್ನು ಸಾಕಷ್ಟು ತುಂಬಿವೆ. ಅವು ದುಬಾರಿ. ಕೈಗೆಟುಕದವರು ಗ್ಯಾಲಾಕ್ಟಸ್ ಕಥೆಯಿರುವ ‘ಫೆಂಟಾಸ್ಟಿಕ್ ಫೋರ್’ನ 48ರಿಂದ 50ರವರೆಗಿನ ಸಂಚಿಕೆಗಳನ್ನು ಸಾಧಾರಣ ಮರುಮುದ್ರಣದಲ್ಲಿ ಮೊದಲು ಓದಿ, ಎವಾನಿಯರ್ ಸಂಪುಟವನ್ನು ಆಮೇಲೆ ಬಿಡಿಸಿದರೂ ಸಾಕು, ಕಥೆ ಗೊತ್ತಿದ್ದವನ ಕಣ್ಣು ಆಗ ಮಾತಿನ ಗುಳ್ಳೆಯನ್ನು ಬಿಟ್ಟು ಅದರ ಕೆಳಗಿನ ಪೆನ್ಸಿಲಿನ ಕಡೆಗೆ ಹೋಗುತ್ತದೆ.