ಟಗರಿನ ವಯಸ್ಸು ಕೊಂಬಿನ ಬುಡದಲ್ಲಿ

ಬಿಗ್‌ಹಾರ್ನ್ ಎಂಬ ಕಾಡುಕುರಿಯ ಟಗರು ಕಂಡ ಕೂಡಲೇ ಹೊಸ ಬೇಟೆಗಾರನ ಕಣ್ಣು ಕೊಂಬಿನ ತುದಿಗೆ ಹೋಗುತ್ತದೆ. ಪಳಗಿದವನು ಬುಡ ನೋಡುತ್ತಾನೆ. ಕೆನಡಾದ ಆಲ್ಬರ್ಟಾದಲ್ಲಿ ರಾಕಿ ಪರ್ವತಗಳ ಇಳಿಜಾರಿಗೆ ಎದುರಾಗಿ ಸ್ಪಾಟಿಂಗ್ ಸ್ಕೋಪ್ ಇಟ್ಟುಕೊಂಡು ಗಂಟೆಗಟ್ಟಲೆ ಕಾಯುವುದೇ ಈ ಬೇಟೆಯ ಮುಖ್ಯ ಕೆಲಸ. ಟಗರು ಸರಿಯಾಗಿ ಪಕ್ಕಕ್ಕೆ ತಿರುಗಿ ನಿಲ್ಲುವ ತನಕ ತೀರ್ಮಾನಕ್ಕೆ ಬರುವಂತಿಲ್ಲ.

ಜಿಂಕೆಯ ಕೊಂಬಿನ ಹಾಗೆ ಟಗರಿನ ಕೊಂಬು ವರ್ಷವರ್ಷ ಉದುರುವುದಿಲ್ಲ. ಒಳಗೆ ಮೂಳೆ, ಹೊರಗೆ ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನದೇ ಕವಚ. ಹೊಸ ಬೆಳವಣಿಗೆಯೆಲ್ಲ ಬುಡದಲ್ಲಿ ಆಗುವುದರಿಂದ ತುದಿ ಮರಿಯಾಗಿದ್ದಾಗಿನದು. ಚಳಿಗಾಲದಲ್ಲಿ ಬೆಳವಣಿಗೆ ತಡೆದಾಗ ಕೊಂಬಿನ ಸುತ್ತ ಒಂದು ಆಳವಾದ ಗೆರೆ ಬೀಳುತ್ತದೆ, ವರ್ಷಕ್ಕೊಂದರಂತೆ. ಪ್ರಾಯದಲ್ಲಿ ಬಿದ್ದ ಗೆರೆಗಳ ನಡುವೆ ಧಾರಾಳ ಅಂತರವಿರುತ್ತದೆ. ವಯಸ್ಸಾದ ಮೇಲಿನವು ಹಳೆಯ ಅಡಿಕೆ ಮರದ ತಲೆಯ ಗೆಣ್ಣುಗಳ ಹಾಗೆ ಒತ್ತೊತ್ತಾಗಿ ಕೂರುತ್ತವೆ. ಮುದಿ ಟಗರಿನ ತುದಿ ಸವೆದು, ಕಾದಾಟದಲ್ಲಿ ಮುರಿದು ಮೊಂಡಾಗಿರುವುದುಂಟು. ಅದರೊಂದಿಗೆ ಮೊದಲ ವರ್ಷದ ಗೆರೆಯೂ ಹೋಗಿರುತ್ತದೆ, ಎಣಿಕೆ ತಪ್ಪುವುದು ಅಲ್ಲೇ. ಹಾಗಾಗಿ ದಪ್ಪ ಕತ್ತು, ಜೋತ ಹೊಟ್ಟೆ, ತಗ್ಗಿದ ಬೆನ್ನನ್ನೂ ಗಮನಿಸುತ್ತಾರೆ.

ಟಗರುಗಳೂ ಪರಸ್ಪರರ ಕೊಂಬನ್ನು ಅಳೆಯುತ್ತವೆ. ಸಂಶೋಧಕ ವ್ಯಾಲೆರಿಯಸ್ ಗೈಸ್ಟ್ ವರ್ಷಗಟ್ಟಲೆ ಕಾಡುಕುರಿಗಳ ಮಧ್ಯೆ ಇದ್ದು 1971ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿವರವಿದೆ. ದೊಡ್ಡ ಕೊಂಬಿನ ಎದುರು ಚಿಕ್ಕದು ತಗ್ಗಿ ನಡೆಯುತ್ತದೆ; ಜೋರಾದ ಡಿಕ್ಕಿ ಹೆಚ್ಚಾಗಿ ಸರಿಸಮಾನರ ನಡುವೆ. ಎರಡೂ ಸೇರಿ 14 ಕಿಲೋವರೆಗೆ ತೂಗುವ ಕೊಂಬು ಹೊತ್ತು ಎದುರುಬದುರು ಓಡಿ ಬಂದು ಗುದ್ದುತ್ತವೆ. ನವೆಂಬರ್, ಡಿಸೆಂಬರ್‌ನ ಬೆದೆಗಾಲದಲ್ಲಿ ಆ ಸದ್ದು ಕಣಿವೆಯಾಚೆಗೂ ಕೇಳುತ್ತದೆ.

ಆದರೆ ಕಾನೂನು ವಯಸ್ಸು ಕೇಳುವುದಿಲ್ಲ, ಕೊಂಬಿನ ಸುರುಳಿ ಕೇಳುತ್ತದೆ. ಆಲ್ಬರ್ಟಾದ ಹೆಚ್ಚಿನ ಕಡೆಗಳ ನಿಯಮದಂತೆ, ಪಕ್ಕದಿಂದ ನೋಡಿದಾಗ ಕೊಂಬಿನ ಬುಡದ ಮುಂಭಾಗದಿಂದ ತುದಿಗೆ ಎಳೆದ ನೇರ ಗೆರೆ ಕಣ್ಣಿನ ಮುಂದಂಚಿಗಿಂತ ಮುಂದೆ ಹಾಯಬೇಕು. ಬೇಗ ಕೊಂಬು ಬೆಳೆಯುವ ಟಗರು ನಾಲ್ಕನೆಯ ವಯಸ್ಸಿಗೇ ಈ ಅಳತೆ ಮುಟ್ಟಿಬಿಡುತ್ತದೆ. ದೊಡ್ಡ ಕೊಂಬಿನಿಂದ ಸಂತಾನದ ಲಾಭ ಸಿಗುವುದು ಮಾತ್ರ ಆರೇಳು ವರ್ಷವಾದ ಮೇಲೆ. ಅಂದರೆ ಒಳ್ಳೆಯ ಕೊಂಬೇ ಅದಕ್ಕೆ ಮುಳುವು: ಮರಿ ಹುಟ್ಟಿಸುವ ಮೊದಲೇ ಗುಂಡು ಬಿದ್ದಿರುತ್ತದೆ, ನಿಧಾನವಾಗಿ ಬೆಳೆದದ್ದು ಉಳಿದುಕೊಳ್ಳುತ್ತದೆ. ಅಲ್ಲಿನ ರ‍್ಯಾಮ್ ಮೌಂಟನ್‌ನಲ್ಲಿ 30 ವರ್ಷ ಒಂದೊಂದು ಕುರಿಯನ್ನೂ ಗುರುತಿಟ್ಟು ಹಿಂಬಾಲಿಸಿದ ಸಂಶೋಧಕರು, ತಲೆಮಾರಿನಿಂದ ತಲೆಮಾರಿಗೆ ಟಗರುಗಳ ತೂಕವೂ ಕೊಂಬೂ ಕುಗ್ಗಿದ್ದನ್ನು 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಇದರಲ್ಲಿ ಬೇಟೆಯ ಪಾಲೆಷ್ಟು, ಮೇವು ಮತ್ತು ದಟ್ಟಣೆಯ ಪಾಲೆಷ್ಟು ಎಂಬ ವಾದ ಮುಗಿದಿಲ್ಲ. ಆ ಬೆಟ್ಟದಲ್ಲಿ 1996ರಲ್ಲಿ ಇನ್ನೂ ಬಿಗಿಯಾದ, ಪೂರ್ತಿ ಸುರುಳಿಯ ನಿಯಮ ಬಂತು, ಆಮೇಲೆ ಬೇಟೆಯನ್ನೇ ನಿಲ್ಲಿಸಿದರು.

ಅದಕ್ಕೇ ಗೆರೆ ಎಣಿಸಬಲ್ಲ ಬೇಟೆಗಾರನ ಬಗ್ಗೆ ನನಗೆ ಗೌರವ. ಕಾನೂನು ಒಪ್ಪಿದರೂ ಪ್ರಾಯದ ಟಗರನ್ನು ಬಿಟ್ಟು, ಹಲವು ಬೆದೆಗಾಲಗಳನ್ನು ಕಂಡ ಮುದಿಯನಿಗೆ ಕಾಯುವವನಿಂದ ಹಿಂಡಿಗೆ ಆಗುವ ನಷ್ಟ ಕಡಿಮೆ. ಗುಂಡು ಬೀಳದೆ ಬೆಳೆದ ಕೊಂಬಿಗೆ ಒಂದು ಉದಾಹರಣೆ: ಕೊಂಬಿನ ಉದ್ದ ಮತ್ತು ಸುತ್ತಳತೆ ಕೂಡಿಸಿ ಅಂಕ ಕೊಡುವ ಬೂನ್ ಅಂಡ್ ಕ್ರಾಕೆಟ್ ದಾಖಲೆಗೆ 216ಕ್ಕೂ ಮೇಲೆ ಅಂಕ ಪಡೆದು ಸೇರಿದ ಟಗರು, ಬೇಟೆಗೆ ಅವಕಾಶವೇ ಇಲ್ಲದ ಮೊಂಟಾನಾದ ವೈಲ್ಡ್ ಹಾರ್ಸ್ ದ್ವೀಪದಲ್ಲಿ ಬದುಕಿ, 2016ರಲ್ಲಿ ಸಹಜವಾಗಿ ಸತ್ತು ಸಿಕ್ಕಿದ್ದು.