ವ್ಯಾಕ್ಯೂಮ್ ಕ್ಲೀನರ್: ಫಿಲ್ಟರಿನ ಆರೈಕೆ

ಕಳೆದ ಶ್ರಾವಣದಲ್ಲಿ ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್ ಸೊರಗಿತು. ಸದ್ದು ಮೊದಲಿಗಿಂತ ತೀಕ್ಷ್ಣವಾಗಿತ್ತು, ಕಸ ಮಾತ್ರ ಇದ್ದಲ್ಲಿಯೇ ಉಳಿಯುತ್ತಿತ್ತು. ರಿಪೇರಿಗೆ ಬಂದವರು ಮೋಟಾರು ಸವೆದಿದೆ, ಬದಲಿಸಬೇಕು ಎಂದರು. ಹಣ ತೆರುವ ಮುನ್ನ ನಾವೇ ಮುಚ್ಚಳ ತೆರೆದು ನೋಡಿದೆವು. ಫಿಲ್ಟರಿನ ಮೇಲೆ ಸುಣ್ಣ ಬಳಿದಂತೆ ಬೂದುಬಣ್ಣದ ಪದರ. ಮುಟ್ಟಿದರೆ ವಿಭೂತಿ! ಪೂಜೆಯ ಕೋಣೆಯಲ್ಲಿ ಉದುರಿದುದನ್ನೆಲ್ಲ ತಿಂಗಳುಗಟ್ಟಲೆ ಯಂತ್ರದಿಂದಲೇ ಹೀರಿಸಿದ್ದೆವು. ಅದಕ್ಕಿಂತ ನೋವಿನ ಸಂಗತಿ, ಗಾಳಿ ಹೊರಬರುವ ಕಡೆಯ ಫಿಲ್ಟರು ಅಂಚಿನಲ್ಲಿ ಹರಿದಿತ್ತು. ಅತ್ತೆಯವರಿಗೆ ಉಬ್ಬಸ. ಅವರಿಗಾಗಿಯೇ ಕೊಂಡ ಯಂತ್ರ, ಅವರ ಕೋಣೆಗೇ ನುಣ್ಣನೆಯ ಧೂಳನ್ನು ಊದುತ್ತಿತ್ತು.

ಈ ಯಂತ್ರದ ಜೀವಾಳವೇ ಫಿಲ್ಟರು. 1901ರಲ್ಲಿ ಲಂಡನ್ನಿನ ಇಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಅವರು ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ಕಂಡರು. ಊದುವ ಬದಲು ಹೀರಿದರೇನು ಎಂದು ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಗಾಳಿ ಎಳೆದರಂತೆ. ಧೂಳೆಲ್ಲ ಬಟ್ಟೆಗೆ ಅಂಟಿತು. ಅಮೆರಿಕದ ಓಹಾಯೋದಲ್ಲಿ ಕಸ ಗುಡಿಸುವ ಕಾಯಕದಲ್ಲಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಸ್ವತಃ ಉಬ್ಬಸದ ರೋಗಿ. 1907ರಲ್ಲಿ ಅವರು ಮೋಟಾರು, ಫ್ಯಾನುಗಳಿಗೆ ದಿಂಬಿನ ಚೀಲವನ್ನು ಜೋಡಿಸಿ ಕಟ್ಟಿದ ಯಂತ್ರಕ್ಕೆ ಮರುವರ್ಷ ಪೇಟೆಂಟ್ ದೊರೆಯಿತು.

ಮನೆಬಳಕೆಯ ಬಹುತೇಕ ಯಂತ್ರಗಳಲ್ಲಿ ಹೀರಿದ ಗಾಳಿಯೇ ಮೋಟಾರನ್ನು ತಂಪಾಗಿಡುತ್ತದೆ. ಫಿಲ್ಟರು ಕಟ್ಟಿಕೊಂಡರೆ ಫ್ಯಾನಿಗೆ ತಳ್ಳಲು ಗಾಳಿಯಿರದೆ ಮೋಟಾರು ಬರಿದೇ ವೇಗವಾಗಿ ತಿರುಗುತ್ತದೆ, ತಂಪಿಲ್ಲದೆ ಬಿಸಿಯಾಗುತ್ತದೆ. ನಾವು ಕೇಳಿದ ತೀಕ್ಷ್ಣ ಸದ್ದು ಅದೇ. ಅಂಥ ಸದ್ದು ಕೇಳಿದೊಡನೆ ಯಂತ್ರವನ್ನು ನಿಲ್ಲಿಸಬೇಕು.

ಆರೈಕೆ ಕಠಿಣವೇನಲ್ಲ. ಮೊದಲು ಪ್ಲಗ್ ಕಳಚಿರಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಚೀಲವನ್ನೋ ಡಬ್ಬಿಯನ್ನೋ ಬರಿದು ಮಾಡಿರಿ. ಅದು ಪೂರ್ತಿ ತುಂಬುವವರೆಗೆ ಕಾಯಬಾರದು. ಉಬ್ಬಸವಿದ್ದವರು ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ಸ್ಪಂಜಿನ ಫಿಲ್ಟರನ್ನು ಬರಿ ನೀರಿನಲ್ಲಿ ಅದುಮಿ ತೊಳೆಯಬಹುದು, ಹಿಂಡಿ ತಿರುಚಬಾರದು. ಮಡಿಕೆ ಮಡಿಕೆಯಾಗಿರುವ ಹೆಪಾ ಫಿಲ್ಟರಿನ ಮಾತು ಬೇರೆ. ಮೈಕ್ರಾನಿನ ಹತ್ತರಲ್ಲಿ ಮೂರು ಪಾಲಿನಷ್ಟು ಸಣ್ಣ ಕಣಗಳಲ್ಲಿಯೂ ಶೇ. 99.97ರಷ್ಟನ್ನು ಹಿಡಿಯುವಂಥದು ಅದು. ತೊಳೆಯಬಹುದೆಂದು ಅದರ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರದಿದ್ದರೆ ನೀರು ಸೋಕಿಸಬಾರದು, ಬ್ರಷ್ಷಿನಿಂದ ಉಜ್ಜಲೂಬಾರದು. ಮೆಲ್ಲಗೆ ತಟ್ಟಿ ಧೂಳು ಉದುರಿಸಿರಿ. ಹರಿದಿದ್ದರೆ ಹೊಲಿಗೆ, ಅಂಟು ಎಂದೆಲ್ಲ ಹೆಣಗದೆ ಹೊಸದು ಹಾಕಿರಿ. ತಂತಿಯಿಲ್ಲದ ಯಂತ್ರಗಳಲ್ಲಿ, ತಾನೇ ಓಡಾಡುವ ಯಂತ್ರಗಳಲ್ಲಿ ಫಿಲ್ಟರು ಚಿಕ್ಕದು, ಬೇಗ ಕಟ್ಟಿಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಒಣಗಿಸುವಲ್ಲಿ. ತೊಳೆದ ಫಿಲ್ಟರು ನೆರಳಿನಲ್ಲಿ ಕನಿಷ್ಠ 24 ಗಂಟೆ ಆರಬೇಕು. ಮಲೆನಾಡಿನ ಮಳೆಗಾಲದಲ್ಲಿ ಎರಡು ಮೂರು ದಿನವೂ ಬೇಕಾದೀತು. ಹಸಿಯಾಗಿ ಹಾಕಿದರೆ ಬೂಷ್ಟು ಹಿಡಿದು ಮನೆಯೆಲ್ಲ ಮುಗ್ಗಲು ವಾಸನೆ, ಮೋಟಾರಿಗೂ ಕೇಡು. ಒಲೆಯ ಬಳಿ ಇಟ್ಟು ಅವಸರ ಮಾಡುವುದೂ ಸಲ್ಲದು. ಇನ್ನೊಂದು ಫಿಲ್ಟರನ್ನು ಕೊಂಡಿಟ್ಟುಕೊಂಡರೆ ಈ ತೊಂದರೆಯೇ ಇಲ್ಲ. ಫಿಲ್ಟರಿಲ್ಲದೆ 'ಇವೊತ್ತೊಂದು ದಿನ' ಎಂದು ಯಂತ್ರ ನಡೆಸುವವರನ್ನೂ ಕಂಡಿದ್ದೇವೆ. ಅವರ ಮೋಟಾರಿಗೆ ಆಯುಷ್ಯ ಕಡಿಮೆ.

ವಿಭೂತಿ, ರಂಗೋಲಿಪುಡಿ, ಮೈದಾಹಿಟ್ಟು, ಗೋಡೆಯ ಸಿಮೆಂಟುಪುಡಿ ಇವು ಫಿಲ್ಟರಿನ ರಂಧ್ರಗಳನ್ನು ಬೇಗ ಮುಚ್ಚಿಬಿಡುತ್ತವೆ. ನಾವು ಈಗ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ನೀರನ್ನು ಬಿಲ್ವದ ಬುಡಕ್ಕೆ ಹಾಕುತ್ತೇವೆ. ಹಣೆಗಿಡುವ ವಸ್ತು ಕಸದ ಚೀಲ ಸೇರುವುದು ಅತ್ತೆಯವರಿಗೆ ಮೊದಲಿನಿಂದಲೂ ಒಗ್ಗಿರಲಿಲ್ಲ, ಬಾಯಿಬಿಟ್ಟು ಹೇಳಿರಲಿಲ್ಲವಷ್ಟೆ. ಫಿಲ್ಟರು ತೊಳೆದ ಮರುದಿನ ಅದನ್ನು ಕೆನ್ನೆಗೆ ಒತ್ತಿ, ತಂಪು ತಗಲಿದರೆ "ಇನ್ನೂ ಹಸಿ ಐತಿ, ನಾಳೆ ನೋಡೋಣು" ಎಂದು ಹಗ್ಗಕ್ಕೆ ಮರಳಿ ಹಾಕುವವರು ಅವರೇ.